ಎರಡು ಚಮಚ ಸೊಪ್ಪಿನ ರಸ

ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಬಳಿಯುವ ಹೆಂಗಸರು ಒಂದು ವರ್ಷದಿಂದ ಒಂದೇ ಒಂದು ಫ್ಯಾನು ಕೇಳುತ್ತಿದ್ದರು, ಅಂಟಿನ ಘಾಟನ್ನು ಎಳೆದು ಹೊರಹಾಕುವಂಥದ್ದು. ಮ್ಯಾನೇಜರ್ ಸಾಹೇಬರು ಯೋಚಿಸಿ ಯೋಚಿಸಿ ಬೆಟ್ಟ ಅಗೆದು ಇಲಿ ಹಿಡಿದರು. ಆ ಇಲಿಯೂ ಅವರದ್ದಲ್ಲ, ಮಗಳದ್ದು. ಆಕೆ ವಿಶ್ವವಿದ್ಯಾಲಯದಲ್ಲಿ ಹೆಣ್ಣಿಲಿಗಳಿಗೆ ಅಂಟಿನಲ್ಲಿರುವಂಥ ರಾಸಾಯನಿಕ ಕುಡಿಸಿ, ಜೊತೆಗೆ ಯಾವುದೋ ಸೊಪ್ಪಿನ ರಸವನ್ನೂ ಕುಡಿಸಿ, ಅವುಗಳ ಗರ್ಭಕೋಶ ಅಷ್ಟಾಗಿ ಕೆಡಲಿಲ್ಲ ಎಂದು ಬರೆದಿದ್ದಳು. ಅಪ್ಪನಿಗೆ ಅಷ್ಟೇ ಸಾಕಾಯಿತು. ಹೆಂಗಸರ ಮಾತಿಗೆ ಎಂದೂ ಸೊಪ್ಪು ಹಾಕದ ಮನುಷ್ಯ, ಅವರು ಕೇಳದ ಸೊಪ್ಪನ್ನು ಬಾಟಲಿಗೆ ತುಂಬಿಸಿ ಕಳಿಸಿದ. ದಿನಕ್ಕೆ ಎರಡು ಚಮಚ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಆ ಘಾಟಿನಲ್ಲಿ ನಿಜವಾದ ತುಪ್ಪವನ್ನೇ ಸವರಿದ್ದರೂ ಯಾರಿಗೂ ಪರಿಮಳ ಗೊತ್ತಾಗುತ್ತಿರಲಿಲ್ಲ.

ಹನ್ನೊಂದು ವರ್ಷ ಅಂಟು ಬಳಿದವಳಿಗೆ ಎಲ್ಲರೂ ಇಟ್ಟ ಹೆಸರು ಅಂಟಕ್ಕ. ಎರಡು ಸಲ ಅವಳ ಗರ್ಭ ಮೂರನೇ ತಿಂಗಳಿಗೇ ಇಳಿದುಹೋಗಿತ್ತು. ಈಗ ಮತ್ತೆ ಎರಡು ತಿಂಗಳು. ಇದೊಂದು ಉಳಿಯಲಿ ಎಂದು ಅವಳ ಜೀವ ಬಡಿದುಕೊಳ್ಳುತ್ತಿತ್ತು. ನಾಚಿಕೆ ಬಿಟ್ಟು ವಿಷಯ ಹೇಳಿ, ಘಾಟಿಲ್ಲದ ಪೆಟ್ಟಿಗೆ ಕಟ್ಟುವ ಕೋಣೆಗೆ ಹಾಕಿ ಎಂದು ಸಾಹೇಬರನ್ನು ಬೇಡಿದಳು.

"ರಸ ಕುಡೀತಿದ್ದೀಯಲ್ಲಮ್ಮ, ಮತ್ತೇನು ಭಯ?" ಎಂದರು ಸಾಹೇಬರು. "ನನ್ನ ಮಗಳೇನು ಸುಳ್ಳು ಹೇಳ್ತಾಳಾ?"

ಮರುವಾರ ಆ ಮಗಳೇ ಬಂದಳು, ರಸದ ಗುಣ ಕೇಳಿ ಬರೆದುಕೊಳ್ಳಲು. ಏಳು ತಿಂಗಳ ಬಸುರಿ. ಬಾಗಿಲಲ್ಲೇ ಅಪ್ಪ ಎರಡೂ ಕೈ ಅಡ್ಡ ಹಿಡಿದರು.

"ಒಳಗೆ ಕಾಲಿಡಬೇಡ ಪುಟ್ಟಾ! ಆ ಗಾಳಿ ಒಳ್ಳೇದಲ್ಲ. ಇವ್ರೇ ಒಬ್ಬೊಬ್ಬರಾಗಿ ಹೊರಗೆ ಬರ್ತಾರೆ."

ಹೇಳುವುದಕ್ಕೆ ಅವರ ನಾಲಿಗೆ ತಡವರಿಸಲೂ ಇಲ್ಲ. ಅಂಗಳದ ನೆರಳಿಗೆ ಎರಡು ಕುರ್ಚಿ ಬಂದವು. ಅಂಟಕ್ಕನ ಸರದಿ ಮೊದಲು.

"ಕುಡಿದ ಮೇಲೆ ಹೇಗಿದೆ ಅಕ್ಕಾ?"

"ನೀವೂ ಕುಡೀತಿದ್ದೀರಾ?"

ಹುಡುಗಿಯ ಪೆನ್ನು ನಿಂತಿತು. "ಇಲ್ಲ... ಬಸುರೀರು ಕುಡೀಬಾರದು. ನಮ್ಮ ಇಲಿಗಳು ಯಾವುವೂ ಬಸುರಾಗಿರಲಿಲ್ಲ. ಹೊಟ್ಟೆಯೊಳಗಿನ ಮರಿಗೆ ಏನಾಗುತ್ತೋ ಇನ್ನೂ ನೋಡಿಲ್ಲ. ಅಪ್ಪಂಗೆ ಹೇಳಿದ್ದೆನಲ್ಲ?"

ಅಂಟಕ್ಕನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಒಂದು ತಿಂಗಳಿಂದ ಒಂದು ತೊಟ್ಟೂ ಚೆಲ್ಲದೆ ಕುಡಿದಿದ್ದಳು. ಪಕ್ಕದಲ್ಲೇ ನಿಂತಿದ್ದ ಸಾಹೇಬರ ಮುಖ ನೋಡಿದಳು. ಇಷ್ಟು ವರ್ಷ ಇಂಥವನಿಗೆ ಹೆದರಿಕೊಂಡು ಬದುಕಿದೆನೇ ಎಂದು ಅವಳಿಗೆ ಹೇಸಿಗೆಯಾಯಿತು.

"ಆಯ್ತಲ್ಲ, ಏಳು. ಮುಂದಿನವ್ರು ಬರಲಿ," ಎಂದರು ಅವರು.

"ನಾನೂ ಬಸುರಿ ಸಾರ್. ಇವ್ರ ಮಗು ಹುಟ್ಟೋವರೆಗೂ ಇವ್ರು ಒಳಗೆ ಹೋಗಲ್ಲ. ನನ್ನದು ಹುಟ್ಟೋವರೆಗೂ ನಾನೂ ಹೋಗಲ್ಲ. ಪೆಟ್ಟಿಗೆಗಳನ್ನ ಇಲ್ಲಿಗೇ ಕಳಿಸಿ, ಕಟ್ತೀನಿ."

ಹಾಗೆಂದು ಅವಳು ಕುರ್ಚಿಗೆ ಇನ್ನಷ್ಟು ಒರಗಿ ಕೂತಳು.