ಟೈಲರಮ್ಮ ಹೊಲಿದ ಹೂವಿನ ಪರದೆ

ಎದುರಿನ ಕಟ್ಟಡಕ್ಕೆ ರಿಪೇರಿಗೆಂದು ಸಾರವೆ ಕಟ್ಟಿದ ದಿನದಿಂದ ಟೈಲರಮ್ಮನಿಗೆ ಹೊಟ್ಟೆಯುರಿ. ಅದೂ ಇವಳಿದ್ದ ಕಟ್ಟಡವೂ ಎರಡೂ ನಗರಸಭೆಯ ಬಾಡಿಗೆ ಮನೆಗಳೇ. ವಯಸ್ಸು ಒಂದೇ, ಬಾಡಿಗೆಯೂ ಒಂದೇ. ಆದರೆ ಅಲ್ಲಿ ಹೊಸ ಪೈಪು, ಹೊಸ ತಾರಸಿ. ಇಲ್ಲಿ ಮೇಲಿನ ಮನೆಯ ಬಚ್ಚಲ ನೀರು ಇಳಿದು ಅತ್ತೆಯ ಮಂಚದ ಮೇಲಿನ ಚಾವಣಿ ಉಬ್ಬಿಕೊಂಡಿತ್ತು. ಸಾಲದ್ದಕ್ಕೆ, ಆ ಕಟ್ಟಡದಲ್ಲಿ ಇದ್ದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ!

"ನೋಡಿದ್ರಾ ಅತ್ತೆ? ನಿಮ್ಮ ಚಿಕ್ಕ ಸೊಸೆ ಯಾರ ಕೈಕಾಲು ಹಿಡಿದು ಮಾಡಿಸಿಕೊಂಡ್ಳೋ!"

"ನೀನು ಹೊಟ್ಟೆ ಉರ್ಕೊಂಡ್ರೆ ನನ್ನ ಚಾವಣಿ ಒಣಗುತ್ತೇನೇ?" ಎನ್ನುತ್ತಾ ಅತ್ತೆ ನೀರು ಕುಡಿಯಲು ಎದ್ದರು.

ಅವರು ಅಡುಗೆಮನೆ ಮುಟ್ಟುವಷ್ಟರಲ್ಲಿ ಧೊಪ್ಪೆಂದು ಸದ್ದಾಯಿತು. ಚಾವಣಿಯಿಂದ ತಟ್ಟೆಯಗಲದ ಗಾರೆ ಕಳಚಿ ನೇರವಾಗಿ ಅವರ ದಿಂಬಿನ ಮೇಲೆ ಬಿದ್ದಿತ್ತು. ಟೈಲರಮ್ಮ ಕಿರುಚಿಕೊಂಡಳು.

ಕಿರುಚಾಟ ಕೇಳಿ ಓರಗಿತ್ತಿ ಓಡಿಬಂದಳು. ಅತ್ತೆಯನ್ನು ಕೂರಿಸಿ, ತಲೆಯೆತ್ತಿ ನೋಡಿದಳು.

"ಅಕ್ಕಾ, ಹೋದ ವರ್ಷ ನಗರಸಭೆ ಎಂಜಿನಿಯರ್ ಮನೆ ನೋಡೋಕೆ ಬಂದಾಗ ಇದನ್ನ ತೋರಿಸಲಿಲ್ವಾ?"

ಟೈಲರಮ್ಮ ನೆಲದ ಮೇಲಿನ ಗಾರೆ ಚೂರು ಬಾಚತೊಡಗಿದಳು. ತೋರಿಸೋದೆಲ್ಲಿಂದ ಬಂತು? ಎದುರಿನವರ ಮುಂದೆ ಮಾನ ಹೋಗಬಾರದೆಂದು ಆ ದಿನ ಇಡೀ ಕಟ್ಟಡ ಸಿಂಗರಿಸಿಕೊಂಡಿತ್ತು. ಒದ್ದೆ ಗೋಡೆಗೆ, ಆ ಒಂದು ದಿನದ ಮಟ್ಟಿಗೆ ಚಾವಣಿಗೂ ಹೂವಿನ ಪರದೆ. ಎಲ್ಲವನ್ನೂ ಹೊಲಿದುಕೊಟ್ಟವಳು ಇವಳೇ! ಎಂಜಿನಿಯರ್ "ಬಹಳ ಚೆನ್ನಾಗಿ ಇಟ್ಕೊಂಡಿದ್ದೀರಿ" ಎಂದು ಹೊಗಳಿ ಹೋಗಿದ್ದರು. ಇವಳು ವಾರವೆಲ್ಲ ಅದನ್ನೇ ಕೊಚ್ಚಿಕೊಂಡಿದ್ದಳು.

"ನಾವು ಬೀರು ಎಳೆದು ಹಿಂದಿನ ಬೂಷ್ಟನ್ನೂ ತೋರಿಸಿದ್ವಿ ಅಕ್ಕ. ಮನೆ ನಗರಸಭೆಯದ್ದು, ದೊಡ್ಡ ರಿಪೇರಿ ಅವರ ಹೊಣೆ. ಬಾಡಿಗೆ ಹಣ ಸಣ್ಣಪುಟ್ಟದ್ದಕ್ಕೇ ಸಾಲಲ್ಲ. ತಾರಸಿ, ಪೈಪಿಗೆ ಅಂತ ಬಜೆಟ್‌ನಲ್ಲಿ ಬೇರೆ ಹಣ ಎತ್ತಿಡಬೇಕು. ಹಾಳಾಗಿದೆ ಅಂತ ಗೊತ್ತಾದ್ರೆ ತಾನೇ ಎತ್ತಿಡೋದು?"

"ಇನ್ನೆಲ್ಲಿಯ ಹಣ? ಎಲ್ಲಾ ನಿಮ್ಮ ಕಟ್ಟಡವೇ ನುಂಗಿ ನೀರು ಕುಡೀತಲ್ಲ!"

"ಬರೋ ವರ್ಷದ ಬಜೆಟ್‌ಗೆ ಜನರ ಅಭಿಪ್ರಾಯ ಕೇಳೋ ಸಭೆ ಮಂಗಳವಾರ ಇದೆ."

"ಕಟ್ಟಡ ಕೆಟ್ಟಿದೆ, ಮನೆ ಖಾಲಿ ಮಾಡಿ ಅಂದ್ರೆ?"

"ನಮಗೂ ಅದೇ ಭಯ ಇತ್ತು. ಯಾರನ್ನೂ ಖಾಲಿ ಮಾಡಿಸಲ್ಲ ಅಂತ ಸಭೆಯಲ್ಲೇ ಮಾತು ತಗೊಂಡ್ವಿ. ರಿಪೇರಿ ನಡೆಯೋವಾಗ ನಮ್ಮ ಮಂಚ ಈ ಕೋಣೆಯಿಂದ ಆ ಕೋಣೆಗೆ ಹೋಯ್ತು, ಅಷ್ಟೆ."

ಚಿಕ್ಕವಳು ಹೇಳಿದ್ದು ಸರಿಯಾಗಿತ್ತು. ಟೈಲರಮ್ಮನಿಗೆ ಅದಕ್ಕೇ ಇನ್ನಷ್ಟು ಉರಿ. ಆದರೆ ಆ ದಿಂಬು ಕಣ್ಣಿಗೆ ಬಿತ್ತು. ಕತ್ತರಿ ಎತ್ತಿಕೊಂಡು ಗೋಡೆಯ ಪರದೆ ಕತ್ತರಿಸಿದಳು. ಅದೇ ಕತ್ತರಿ ಹಿಡಿದು ಮನೆ ಮನೆ ಹತ್ತಿಳಿದಳು. "ಹೊಲಿದವಳು ನಾನು, ಬಿಚ್ಚೋಳೂ ನಾನೇ!"

ಮಂಗಳವಾರ ಸಭೆಯಲ್ಲಿ ಪರದೆಗಳ ರಾಶಿಯನ್ನು ಎಂಜಿನಿಯರ್ ಮುಂದಿನ ಮೇಜಿನ ಮೇಲೆ ಸುರಿದಳು. ಮುಂದೆ ಹೂವು, ಹಿಂದೆ ಕಪ್ಪು ಬೂಷ್ಟು. "ಸ್ವಾಮಿ, ನೀವು ಹೊಗಳಿದ್ದು ಈ ಬಟ್ಟೆಯನ್ನ. ನಮ್ಮ ಗೋಡೆ ಇನ್ನೂ ನೋಡಿಲ್ಲ" ಎಂದಳು. ಎದುರಿನ ಕಟ್ಟಡದವರೂ ಅವಳ ಪರವಾಗಿ ಕೈಯೆತ್ತಿದರು. ಎಂಜಿನಿಯರ್ ಮತ್ತೆ ಬಂದು ನೋಡಿದರು. ಬಜೆಟ್‌ನಲ್ಲಿ ಹಣ ಇಟ್ಟರು. ಅಲ್ಲಿಯವರೆಗೆ ಅತ್ತೆಯ ಮಂಚ ಹೊಲಿಗೆ ಯಂತ್ರದ ಪಕ್ಕದಲ್ಲಿತ್ತು.

ಈಗ ಇವರ ಕಟ್ಟಡಕ್ಕೂ ಸಾರವೆ ಬಂದಿದೆ. "ಅಕ್ಕಾ, ನಿಮಗೆ ಹಾಕ್ತಿರೋ ಕಿಟಕಿ ನಮ್ಮದಕ್ಕಿಂತ ದೊಡ್ಡದಲ್ವಾ?" ಎಂದು ಓರಗಿತ್ತಿ ಮೊನ್ನೆ ಮೂಗು ಮುರಿದಳು. ಟೈಲರಮ್ಮನಿಗೆ ಅವತ್ತು ಹೊಟ್ಟೆ ತುಂಬಾ ಊಟ ಸೇರಿತು.

ಅಕ್ಕಂದಿರೇ, ಅಣ್ಣಂದಿರೇ, ಎದುರಿನ ಸಾರವೆ ನೋಡಿ ಹೊಟ್ಟೆ ಉರಿಯುತ್ತಾ? ಉರಿಯಲಿ ಬಿಡಿ. ಆ ಉರಿಯನ್ನೇ ಬಜೆಟ್ ಸಭೆಗೆ ಕರೆದುಕೊಂಡು ಹೋಗಿ. ಮನೆ ನೋಡಲು ಬಂದವರಿಗೆ ಸೋರುವ ಜಾಗ ಮೊದಲು ತೋರಿಸಿ. ದೊಡ್ಡ ರಿಪೇರಿಗೆ ಹಣ ಇಡಿ ಎಂದು ಅಕ್ಕಪಕ್ಕದವರ ಜೊತೆ ಸೇರಿ ಕೇಳಿ. ಗೋಡೆಗೆ ಕಟ್ಟಿದ ಪರದೆಯನ್ನು ಇವತ್ತೇ ಇಳಿಸಿ. ಆ ಚಾವಣಿಯ ಕೆಳಗೆ ನಿಮ್ಮ ಮನೆಯವರು ಮಲಗುತ್ತಾರೆ.