ಲೆಟ್ ಎಂಬ ಎರಡು ಪದ

ಹಳೆಯ ಇಂಗ್ಲಿಷ್ ನಿಘಂಟೊಂದರ ಹೊಲಿಗೆ ಬಿಚ್ಚಿ ಪುಟಗಳ ಕ್ರಮ ನೋಡುತ್ತಿದ್ದ ಅಕ್ಕನ ಕೈ ಒಂದು ಕಡೆ ನಿಂತುಬಿಟ್ಟಿತು. ಬೈಂಡಿಂಗ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಆ ಪುಟದಲ್ಲಿ 'ಲೆಟ್' ಎಂಬ ಕ್ರಿಯಾಪದ ಎರಡು ಸಲ ಅಚ್ಚಾಗಿತ್ತು. ಮೊದಲನೆಯದರ ಅರ್ಥ ಬಿಡು, ಅನುಮತಿಸು. ಎರಡನೆಯದರ ಮುಂದೆ 'ಹಳೆಯ ಬಳಕೆ' ಎಂಬ ಗುರುತು. ಅರ್ಥ, ತಡೆ, ಅಡ್ಡಿಮಾಡು.

ಅಚ್ಚಿನ ತಪ್ಪಿರಬೇಕು ಎಂದುಕೊಂಡಳು. ಆದರೂ ಆ ಪುಟವನ್ನು ಬೇರೆ ತೆಗೆದಿಟ್ಟಳು.

ಹನ್ನೊಂದು ವರ್ಷದ ಹಿಂದೆ ಅವಳು ಮೆಚ್ಚಿದ್ದು ಗಡಿಯಾರ ರಿಪೇರಿಯವನನ್ನು. ಅವನ ಮನೆಮಾತು ಬೇರೆ. ಹಾಗಾಗಿ ಅವಳ ಅಪ್ಪನಿಗೆ ಇಂಗ್ಲಿಷಿನಲ್ಲೇ ಪತ್ರ ಬರೆದು ಒಪ್ಪಿಗೆ ಕೇಳಿದ. ಅಪ್ಪ ವಕೀಲರೊಬ್ಬರ ಕಚೇರಿಯಲ್ಲಿ ನಲವತ್ತು ವರ್ಷ ಹಳೆಯ ದಸ್ತಾವೇಜುಗಳನ್ನು ನಕಲು ತೆಗೆದವರು. ಅವರಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಆ ಕಾಗದಗಳದ್ದೇ. ಉತ್ತರ ಒಂದೇ ಸಾಲು: 'ಐ ವಿಲ್ ನಾಟ್ ಲೆಟ್ ದಿಸ್ ಮ್ಯಾರೇಜ್.'

ಈ ಮದುವೆಗೆ ಬಿಡುವುದಿಲ್ಲ ಎಂದು ಇಬ್ಬರೂ ಓದಿಕೊಂಡರು. ಅವಳಾಗ ಕೆಲಸಕ್ಕೆಂದು ಹಾಸ್ಟೆಲಿನಲ್ಲಿದ್ದಳು. ಮನೆಗೆ ಹೋದರೆ ಕೂಡಿಹಾಕಿಯಾರೆಂದು ಹೆದರಿ, ಯಾರಿಗೂ ಹೇಳದೆ ಅದೇ ವಾರ ರಿಜಿಸ್ಟರ್ ಮದುವೆಯಾದಳು. ಅಲ್ಲಿಂದ ಅಪ್ಪ ಮಗಳಿಗೆ ಮಾತಿಲ್ಲ. ಅಪ್ಪನನ್ನು ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ತಮ್ಮ ಎರಡು ಸಲ ರಾಜಿಗೆ ಬಂದು, ಕಾರಣ ಬಾಯಿಬಿಡದ ಇಬ್ಬರ ಬಿಗುಮಾನಕ್ಕೂ ಕೈಮುಗಿದು ಸುಮ್ಮನಾಗಿದ್ದ.

ಮಧ್ಯಾಹ್ನ ನಿಘಂಟಿನ ಒಡೆಯರಾದ ನಿವೃತ್ತ ಮೇಷ್ಟ್ರು ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದರು. ಅಕ್ಕ ಪುಟವನ್ನು ಮುಂದೆ ಹಿಡಿದಳು.

"ಇದು ತಪ್ಪಲ್ವಾ ಮೇಷ್ಟ್ರೇ? ಒಂದೇ ಪದಕ್ಕೆ ಬಿಡೋದು, ತಡೆಯೋದು ಎರಡೂ ಹೇಗಾಗುತ್ತೆ?"

"ಒಂದೇ ಪದ ಅಲ್ಲಮ್ಮ, ಎರಡು. ಹಿಂದೆ ಉಚ್ಚಾರಣೆ ಬೇರೆ ಬೇರೆ ಇತ್ತು. ಜನರ ಬಾಯಲ್ಲಿ ಸವೆದು ಸವೆದು ಒಂದೇ ಥರ ಆಗೋಯ್ತು. ತಡೆಯೋ ಲೆಟ್ಟು 'ಲೇಟ್' ಅನ್ನೋದರ ನೆಂಟ. ತಡೆದ್ರೆ ತಡ ಆಗುತ್ತಲ್ಲ, ನಮ್ಮಲ್ಲೂ ಹಾಗೇ. ಈಗ ಅದು ಉಳಿದಿರೋದು ಕಾನೂನಿನ ಕಾಗದದಲ್ಲಿ, ಟೆನಿಸ್ ಆಟದಲ್ಲಿ."

"ಎರಡು ಪದ ಒಂದೇ ಥರ ಆಗೋದುಂಟಾ?"

"ನೆರೆ ಅಂದ್ರೆ ಪ್ರವಾಹನೂ ಹೌದು, ಪಕ್ಕದ ಮನೆನೂ ಹೌದು. ನನ್ನ ಪಕ್ಕದ ಮನೆಯವರ ವಿಷಯದಲ್ಲಿ ಮಾತ್ರ ಎರಡೂ ಒಂದೇ."

ಅಕ್ಕನಿಗೆ ನಗು ಬರಲಿಲ್ಲ. ಕೈಗಂಟಿದ್ದ ಗೋಂದನ್ನು ತೊಳೆದು, ಅರ್ಧ ದಿನದ ರಜೆ ಹೇಳಿ ಬಸ್ಸು ಹತ್ತಿದಳು.

ತಮ್ಮನ ಹೆಂಡತಿ ಬಾಗಿಲು ತೆಗೆದವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅಪ್ಪ ಕಿಟಕಿಯ ಬಳಿ ಕುಳಿತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ತಲೆಯೆತ್ತಿ ನೋಡಿ, ಮತ್ತೆ ಬೆರಳಿನ ಕಡೆಗೆ ಬಗ್ಗಿದರು.

"ಅಪ್ಪಾ, ಒಂದೇ ಒಂದು ಕೇಳ್ತೀನಿ. ಅವತ್ತು ಅವರಿಗೆ ಏನಂತ ಬರೆದಿದ್ರಿ?"

"ಏನು ಬರೀಲಿ? ನನ್ನದೇನೂ ಅಡ್ಡಿ ಇಲ್ಲ ಅಂತ ಬರೆದೆ."

ಅಕ್ಕ ಅಪ್ಪನ ಎದುರು ನೆಲದ ಮೇಲೆ ಕುಳಿತಳು.

"ಒಪ್ಪಿದ್ರೂ ಮದುವೆಗೆ ಒಂದು ಮಾತು ಕರೀಲಿಲ್ಲ ನೀನು," ಅಪ್ಪ ಉಗುರುಕತ್ತರಿ ಕೆಳಗಿಟ್ಟರು. "ಹೊಸ ಚಪ್ಪಲಿ ತಂದಿಟ್ಕೊಂಡು ಕೂತಿದ್ದೆ. ಮದುವೆ ಆಯ್ತು ಅನ್ನೋದು ಹಾಲಿನವನ ಬಾಯಿಂದ ಕೇಳಿದೆ."

ಅವಳು ನಡೆದದ್ದನ್ನು ಹೇಳಿದಳು. ಅತ್ತುಕೊಂಡೇ ಹೇಳಿದ್ದರಿಂದ ಎರಡು ಸಲ ಹೇಳಬೇಕಾಯಿತು.

"ದಸ್ತಾವೇಜಲ್ಲೆಲ್ಲ ಹಾಗೇ ಇರುತ್ತೆ ಕಣೇ," ಎಂದರು ಅಪ್ಪ. "ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ. ಗಟ್ಟಿ ಇಂಗ್ಲಿಷಲ್ಲಿ ಬರೆದ್ರೆ ಅಳಿಯ ಮರ್ಯಾದೆ ಕೊಡ್ತಾನೆ ಅಂತ ಸ್ವಲ್ಪ ಜಂಬನೂ ಇತ್ತು."

ಅಳಿಯ ಎಂಬ ಮಾತು ಕಿವಿಗೆ ಬಿದ್ದಾಗ ಅವಳ ಹೆಗಲಿನಿಂದ ಮೂಟೆ ಇಳಿದಂತಾಯಿತು. ಗಂಡನಿಗೆ ಫೋನ್ ಮಾಡಿದಳು. ವಿಷಯವೆಲ್ಲ ಹೇಳಿದಳು.

"ಈಗ ಬರಬಹುದಾ?" ಎಂದ ಅವನು. "ಬಾಯಿ ಬಿಟ್ಟು ಕೇಳಿ ಹೇಳು. ಬರವಣಿಗೆಯಲ್ಲಿ ಬೇಡ."

ಅವಳು ಫೋನನ್ನು ಅಪ್ಪನ ಕೈಗೇ ಕೊಟ್ಟಳು. ಅಪ್ಪ ಗಂಟಲು ಸರಿಮಾಡಿಕೊಂಡು, ಹನ್ನೊಂದು ವರ್ಷದಲ್ಲಿ ಅಳಿಯ ಕಲಿತಿದ್ದ ಕನ್ನಡವನ್ನೇ ನಂಬಿ ಹೇಳಿದರು:

"ಬಾರಪ್ಪಾ. ಊಟಕ್ಕೆ ಇಲ್ಲೇ ಇರಬೇಕು."