ಜಂಟಿ ಗೋಡೆ

ಅರಬ್ ದೇಶಗಳಿಗೆ ಕಟ್ಟಡಗಳ ನಕ್ಷೆ ತಯಾರಿಸಿಕೊಡುವ ಆ ಕಚೇರಿಯಲ್ಲಿ ಅನುವಾದಕನನ್ನು ಎಲ್ಲರೂ ‘ಪಂಡಿತ’ ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂದು ಅವನು ವಿಚಾರಿಸಲು ಹೋಗಿರಲಿಲ್ಲ. ಇಂಗ್ಲಿಷಿನ ಕಟ್ಟಡ ಪದಗಳನ್ನು ಅರಬ್ಬಿಗೆ ತಂದು ಪದಕೋಶ ಸಿದ್ಧಮಾಡುವುದು ಅವನ ಕೆಲಸ. ಈ ಪದಕೋಶವನ್ನು ಮುಖ್ಯ ಎಂಜಿನಿಯರ್ ಒಪ್ಪಿದರೆ ನೌಕರಿ ಕಾಯಂ. ತೊಡಕೇನೆಂದರೆ, ಮುಖ್ಯ ಎಂಜಿನಿಯರ್ ಅವನ ಒಡಹುಟ್ಟಿದ ಅಣ್ಣ, ಇಬ್ಬರ ನಡುವೆ ಮಾತಿಲ್ಲ.

ಜಗಳ ಒಂದು ಗೋಡೆಯದು. ಅಪ್ಪ ಮನೆಯನ್ನು ಎರಡು ಪಾಲು ಮಾಡಿ ಕೊಟ್ಟಾಗ ನಡುವೆ ಉಳಿದ ಗೋಡೆ. ಅದರಲ್ಲಿ ಪುಸ್ತಕಕ್ಕೊಂದು ಗೂಡು ಕೊರೆಸಬೇಕೆಂದು ಪಂಡಿತನ ಆಸೆ. ಕೊರೆದರೆ ಬಿರುಕು ಬಿಟ್ಟೀತು ಎಂದು ಅಣ್ಣನ ತಕರಾರು. ಗೋಡೆ ನಮ್ಮದು, ನೀನು ಮೂಗು ತೂರಿಸಬೇಡ ಎಂದು ಪಂಡಿತ ಅಂದುಬಿಟ್ಟಿದ್ದ. ಈ ದಿನ ಅಣ್ಣ ಕಚೇರಿಗೆ ಹೊರಟದ್ದನ್ನು ನೋಡಿಕೊಂಡು ಗೂಡು ಕೊರೆಯಲು ಮೇಸ್ತ್ರಿಯನ್ನು ಕರೆಸಿ, ಉಸ್ತುವಾರಿ ಹೆಂಡತಿಗೆ ಒಪ್ಪಿಸಿ ಬಂದಿದ್ದ.

ಹಾಗಾಗಿ ಭಾರೀ ಹುರುಪಿನಲ್ಲಿದ್ದ. ಹಿಂದಿನ ಅನುವಾದಕ ‘ಪಾರ್ಟಿ ವಾಲ್’ ಎಂಬುದನ್ನು ‘ಹಫ್ಲಾ’ದ ಗೋಡೆ, ಅಂದರೆ ಔತಣಕೂಟದ ಗೋಡೆ ಮಾಡಿಟ್ಟಿದ್ದ. ಪಂಡಿತ ಹೊಟ್ಟೆ ಹಿಡಿದುಕೊಂಡು ನಕ್ಕ. ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ನಗಿಸಿದ. ಆಮೇಲೆ ಅದನ್ನು ಹೊಡೆದುಹಾಕಿ ‘ಮುಷ್ತರಕ್’, ಜಂಟಿ ಎಂದು ತಿದ್ದಿದ. ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ವಿದ್ವತ್ತು ಉಕ್ಕಿಬಂದು, ಕೆಳಗೊಂದು ವಿವರಣೆಯನ್ನೂ ಜಡಿದ.

ಮಧ್ಯಾಹ್ನ ಅಣ್ಣ ಪದಕೋಶವನ್ನು ಮುಂದಿಟ್ಟುಕೊಂಡು ಅವನನ್ನು ಕರೆಸಿ, ಆ ವಿವರಣೆಯ ಅರ್ಥ ಹೇಳು ಎಂದ. ಪಂಡಿತ ಗಂಟಲು ಸರಿಮಾಡಿಕೊಂಡ. ಎರಡು ಮನೆಗಳ ನಡುವಿನ ಗೋಡೆ, ಇಬ್ಬರಿಗೂ ಸೇರಿದ್ದು, ಒಬ್ಬರನ್ನು ಕೇಳದೆ ಇನ್ನೊಬ್ಬರು ಎಂಬಲ್ಲಿಗೆ ಬರುವಷ್ಟರಲ್ಲಿ ಅವನ ದನಿ ಉಡುಗಿತು.

“ಮುಂದೆ?” ಎಂದ ಅಣ್ಣ.

“ಮುಟ್ಟೋ ಹಾಗಿಲ್ಲ.”

“ನಿಮ್ಮತ್ತಿಗೆ ಈಗ ಫೋನ್ ಮಾಡಿದ್ಳು. ಉಳಿ ಸದ್ದು ಕೇಳ್ತಾ ಇದೆಯಂತೆ. ಈ ಅರ್ಥ ಅರಬ್ಬಿಯಲ್ಲಿ ಮಾತ್ರಾನಾ?”

ಔತಣಕೂಟದ ಗೋಡೆಯನ್ನೇ ಮತ್ತೆ ಬರೆದುಬಿಡಲೇ ಎಂದು ಪಂಡಿತನಿಗೆ ಒಂದು ಗಳಿಗೆ ಅನಿಸಿತು. ಗೂಡು ಉಳಿಯುತ್ತಿತ್ತು. ಆದರೆ ಸರಿಯಾದ ಪದವನ್ನು ಕೈಯಾರೆ ಕೊಲ್ಲಲು ಮನಸ್ಸು ಬರಲಿಲ್ಲ. ಅಲ್ಲೇ ನಿಂತು ಮನೆಗೆ ಫೋನ್ ಮಾಡಿ, ಮೇಸ್ತ್ರಿಯನ್ನು ನಿಲ್ಲಿಸು ಎಂದ.

ಹೆಂಡತಿ ಬಿಡಲಿಲ್ಲ. “ಗೋಡೆ ನಮ್ಮದೇ ಅಂದಿದ್ರಲ್ಲ?”

“ನಮ್ಮದೇ,” ಎಂದ ಪಂಡಿತ, ಎದುರಿಗೆ ಕೂತವನ ಮುಖ ನೋಡದೆ. “ನಮ್ಮದು ಅಂದ್ರೆ ಅದರಲ್ಲಿ ಅಣ್ಣನೂ ಬರ್ತಾನೆ ಕಣೇ.”